ಒಡೆದ ಮಣಿಗೆ ಬರುವ ಟಕ್

ಟಕ್, ಬಂತು, ಕಿವಿಯಲ್ಲಿ, ಹೆಬ್ಬೆರಳ ಕೆಳಗೆ ಮತ್ತೆ ಆ ಒಡೆದ ಮಣಿ, ಫೋನು ಹಿಡಿದು ಕಾಯುವಾಗ ಮೇಜಿನಡಿ ತಸ್ಬೀಹ್ ಜಪಮಣಿ ಎಣಿಸುವುದು ನನ್ನ ಅಭ್ಯಾಸ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಎಣಿಸುವುದೊಂದು ಚೆನ್ನಾಗಿ ಗೊತ್ತು — ಮೂವತ್ತಮೂರು ಮಣಿ, ಒಂದು ಸುತ್ತು, ಒಂದು ಟಕ್, ಬೆಳಗಿನಿಂದ ಹೀಗೆಯೇ. ಆ ತುದಿಗೆ ಅಲ್ ವುಕೈರ್ ಸೈಟಿನಲ್ಲಿ ಈ ಫೋನ್ ಲೈನು ಹಾಕಿದ ಅಣ್ಣ ಫೈಝಲ್, ಈ ತುದಿಗೆ ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ನಾನು, ನನ್ನ ಕುರ್ಚಿಯ ಹಿಂದೆ ಎಂಜಿನಿಯರ್ ಯಜ್ಞೇಶ್ ಸಾರ್, ಮ್ಯಾನೇಜರ್ ಅಂದಿದ್ದಾರೆ, ಸಂಜೆಯೊಳಗೆ ಲೈನು ಸರಿಯಾಗದಿದ್ದರೆ ಖಲಾಸ್, ನಿನ್ನ ಅಣ್ಣನ ವೀಸಾ ಕ್ಯಾನ್ಸಲ್, ಅಣ್ಣ ಎರಡು ಸಲ ಕೇಬಲ್ ಬದಲಿಸಿದ, ಟಕ್ ಹೋಗಲಿಲ್ಲ. ಹೋದ ತಿಂಗಳವರೆಗೆ ಮಾತಿಗೆ ತನ್ನದೇ ತಂತಿ ಇತ್ತು, ಈಗ ಕಂಪ್ಯೂಟರುಗಳ ದಾರಿಯಲ್ಲೇ ತುಂಡು ತುಂಡಾಗಿ ಹೋಗುತ್ತದೆ, ತುಂಡು ಬೇಗ ಬಂದರೂ ತಡವಾದರೂ ಫೋನಿಗೆ ಜೋಡಿಸಿದ ಪೆಟ್ಟಿಗೆ ಸ್ವಲ್ಪ ಕೂಡಿಟ್ಟುಕೊಂಡು ಒಂದೇ ಲಯದಲ್ಲಿ ಬಿಡ್ತದೆ ನುಸೈಬಾ, ಅಣ್ಣನೇ ಊಟಕ್ಕೆ ಕೂತಾಗ ಹೇಳಿದ್ದು, ಎರಡೂ ಕಡೆಯ ಪೆಟ್ಟಿಗೆಗೆ ಅದರದ್ದೇ ಗಡಿಯಾರ ಇಟ್ಟಿದ್ದೇನೆ, ಯಾರ ಹಂಗೂ ಇಲ್ಲ — ಎಂಥ ಹೆಮ್ಮೆ ಆ ಮುಖದಲ್ಲಿ. ದಾರಿ ಕೆಟ್ಟಿದ್ದರೆ ಟಕ್ ಯಾವಾಗೆಂದರೆ ಆವಾಗ ಬರಬೇಕಿತ್ತು, ಇದು ಲೆಕ್ಕ ತಪ್ಪದೆ ಒಡೆದ ಮಣಿಗೇ ಬರುತ್ತದೆ, ಅಂದರೆ ಎರಡು ಪೆಟ್ಟಿಗೆಗಳಲ್ಲಿ ಒಂದರ ಗಡಿಯಾರ ಕೂದಲೆಳೆಯಷ್ಟು ಮುಂದೆ ಓಡಿ, ಕೂಡಿಟ್ಟದ್ದು ತುಂಬಿ, ಚೆಲ್ಲಿ, ಟಕ್ — ಹೇಳಲೇ, ಹೇಳಿದರೆ ತಪ್ಪು ಕೇಬಲಿನದಲ್ಲ, ಅಣ್ಣನದು, ಹೇಳದಿದ್ದರೆ ಸಂಜೆ, ಸಾರ್‌ಗೆ ತಿಳಿಯದಿರಲಿ ಎಂದು ನಮ್ಮ ಬ್ಯಾರಿ ಭಾಷೆಯಲ್ಲಿ ಪಿಸುಗುಟ್ಟಿದೆ, ಅಣ್ಣಾ, ಪ್ರತಿ ಸಲ ಅದೇ ಒಡೆದ ಮಣಿಗೇ ಬೀಳ್ತಾ ಉಂಟು, ನಿನ್ನ ಪೆಟ್ಟಿಗೆಗೆ ಸ್ವಂತ ಗಡಿಯಾರ ಬೇಡ, ಇಲ್ಲಿಂದ ತುಂಡು ಬರುವ ಲಯ ನೋಡಿಯೇ ಬಿಡಲಿ. ಅಣ್ಣ ಮೊದಲು, ನೀನು ಫೋನು ನೋಡು ಮಾರಾಯ್ತಿ, ಆಮೇಲೆ ಸಣ್ಣ ದನಿಯಲ್ಲಿ, ಎಂಥ ಹೇಳಿದ್ದು, ಇನ್ನೊಮ್ಮೆ ಹೇಳು. ಹಿಂದಿನಿಂದ ಸಾರ್, ಅದೇ ಬ್ಯಾರಿಯಲ್ಲಿ, ನಾನು ಉಳ್ಳಾಲದಲ್ಲಿ ಬೆಳೆದವ ತಂಗಿ, ಇಷ್ಟೂ ಗೊತ್ತಾಗ್ಲಿಕ್ಕಿಲ್ವಾ, ಎಲ್ಲಿ ಆ ಮಣಿ — ಮೇಜಿನಡಿಯಿಂದ ತಸ್ಬೀಹ್ ಸಮೇತ ಕೈ ತೆಗೆದೆ, ಅವರು ರಿಸೀವರ್ ತಮ್ಮ ಕಿವಿಗಿಟ್ಟುಕೊಂಡರು, ಫೈಝಲ್, ತಂಗಿ ಹೇಳಿದ ಹಾಗೆ ಮಾಡು, ಯಲ್ಲಾ, ಬೇಗ, ಬೈಯುವುದು ಆಮೇಲೆ, ನನ್ನ ಕಡೆ ತಿರುಗಿ, ನೀನು ಎಣಿಸು. ಅಣ್ಣ ಬದಲಿಸಿ ಆಯಿತಂತೆ, ಸಾರ್ ತಲೆಯಾಡಿಸಿದರು, ಈಗ ಲೈನು ನನಗೆ ಕೇಳಿಸದು, ಟಕ್ ಬಂದರೆ ಅವರ ಹುಬ್ಬು ಅದುರುತ್ತದೆ, ಬೆಳಗಿನಿಂದ ಅವರು ಕಿವಿಗಿಟ್ಟಾಗಲೆಲ್ಲ ನೋಡಿದ್ದೇನೆ, ಹುಬ್ಬನ್ನೇ ನೋಡುತ್ತ ಇಪ್ಪತ್ತು, ಇಪ್ಪತ್ತೊಂದು, ಎ.ಸಿ.ಯಲ್ಲೂ ಬೆವರುವ ಬೆರಳು, ಮೂವತ್ತೊಂದು, ಮೂವತ್ತೆರಡು, ಒಡೆದ ಮಣಿ, ಹುಬ್ಬು ಅಲುಗಲಿಲ್ಲ, ಬೆರಳು ಮುಂದೆ ಹೋಗದು, ಒಡೆದ ಮಣಿ, ಒಡೆದ ಮಣಿ