ಮೋಡದ ತಾಯಿಯ ತೂಕ

ನಾನು ಹಾರಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಇದೇ ನಾಟಕ ಮಂಡಳಿಯಲ್ಲಿ ಹಗ್ಗಕ್ಕೆ ತೂಗಿ ಹಾರುವವರಿಗೆ ಬಟ್ಟೆ ಹೊಲಿದುಕೊಟ್ಟವಳು ನಾನು. ಅವರ ಸೊಂಟದ ಅಳತೆ ಹಿಡಿದು, ಬೆನ್ನಿನ ಕೊಕ್ಕೆ ಬರುವ ಕಡೆ ಕಿಂಡಿ ಬಿಟ್ಟು, ಅವರು ಮೇಲೇರುವಾಗ ಪರದೆಯ ಪಕ್ಕದಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡಿದವಳು. ಹೊಸ ನಾಟಕದ ಕೊನೆಯ ದೃಶ್ಯದಲ್ಲಿ ಮೋಡದ ತಾಯಿ ಹಾರಿಬಂದು ನಾಲ್ಕು ಮಾತಾಡಬೇಕು, ಅದಕ್ಕೊಬ್ಬಳು ಗಟ್ಟಿ ಗಂಟಲಿನ ನಡುವಯಸ್ಸಿನ ಹೆಂಗಸು ಬೇಕು ಎಂದು ಮಂಡಳಿಯ ಯಜಮಾನರು ಹೇಳಿದ್ದೇ ತಡ, ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೆಯೇ ಓಡಿಹೋಗಿ ಅವರ ಮುಂದೆ ನಿಂತೆ.

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಕ್ಕ, ನಿಮ್ಮ ಗಂಟಲಿನ ಬಗ್ಗೆ ಅನುಮಾನ ಇಲ್ಲ. ಆದ್ರೆ ಮೇಲಿರೋ ಕಂಬಿ ಹಳೇದು. ಬಟ್ಟೆ ಸೇರಿ ಎಪ್ಪತ್ತು ಕೆಜಿ ಮೀರೋ ಹಾಗಿಲ್ಲ. ಬಟ್ಟೇನೇ ನಾಲ್ಕು ಕೆಜಿ. ಅಂದ್ರೆ ನೀವು ಅರವತ್ತಾರು ಇರಬೇಕು."

ಆಗ ನಾನು ಎಪ್ಪತ್ತೆರಡು. "ಎರಡೂವರೆ ತಿಂಗಳಿದೆಯಲ್ಲ, ಇಳೀತೀನಿ," ಎಂದೆ.

"ಇಳೀದೇ ಇದ್ರೆ ಕುಣಿತದ ಹುಡುಗಿಗೆ ಬಿಳಿ ಕೂದಲು ಕಟ್ಟಿ ಹಾರಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಹಾರಿಸುವವರು ಬೇರೆ ಯಾರೂ ಅಲ್ಲ, ನನ್ನ ಗಂಡ. ಮಂಡಳಿಯಲ್ಲಿ ಎಲ್ಲರಿಗೂ ಅವರು ಹಗ್ಗದಣ್ಣ. ಹಾರುವವರ ತೂಕ ಎಷ್ಟೋ ಅಷ್ಟೇ ತೂಕದ ಮರಳಿನ ಚೀಲಗಳನ್ನು ಹಗ್ಗದ ಇನ್ನೊಂದು ತುದಿಗೆ ಕಟ್ಟುತ್ತಾರೆ. ಎರಡೂ ಸಮನಾಗಿದ್ದರೆ ಸ್ವಲ್ಪ ಎಳೆದರೆ ಸಾಕು, ಮನುಷ್ಯ ಹತ್ತಿಯಂತೆ ಏಳುತ್ತಾನೆ. ಮೂವತ್ತು ವರ್ಷದಲ್ಲಿ ಅವರ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಆ ಬಗ್ಗೆ ಅವರಿಗೆ ಜಂಬವೂ ಉಂಟು.

ಮೊದಲ ವಾರವೇ ಎರಡು ಕೆಜಿ ಇಳಿದೆ! ಕರಿದದ್ದು ಬಿಟ್ಟೆ, ಸಂಜೆ ಒಂದು ಗಂಟೆ ಬಿರಬಿರನೆ ನಡೆದೆ, ರಾತ್ರಿ ತಟ್ಟೆಯನ್ನು ಚಿಕ್ಕದು ಮಾಡಿದೆ. ಬೆಳಗ್ಗೆ ಬಚ್ಚಲಿನ ಪಕ್ಕ ಇಟ್ಟಿದ್ದ ತೂಕದ ಯಂತ್ರದ ಮೇಲೆ ನಿಂತು ಎಪ್ಪತ್ತು ಕಂಡಾಗ ನನಗೆ ನೆಲವೇ ಕಾಣಲಿಲ್ಲ. "ರೀ, ಎಪ್ಪತ್ತು!" ಎಂದು ಕೂಗಿದ ಕೂಗಿಗೆ ಅತ್ತೆ ಎದ್ದು ಕೂತರು.

ಮರುದಿನ ಎಪ್ಪತ್ತೊಂದು ಪಾಯಿಂಟ್ ಎರಡು.

ನನಗೆ ಮೂಗಿನ ತುದಿಯಲ್ಲೇ ಕೋಪ. ಹಿಂದಿನ ದಿನ ತಿಂದದ್ದನ್ನೆಲ್ಲ ತಟ್ಟೆ ಸಮೇತ ತೂಗಿದರೂ ಅಷ್ಟಾಗಲಿಕ್ಕಿಲ್ಲ, ಮೈಮೇಲೆ ಒಂದು ಕೆಜಿ ಇನ್ನೂರು ಗ್ರಾಂ ಬಂದು ಕೂತದ್ದು ಎಲ್ಲಿಂದ? ಯಂತ್ರವನ್ನು ಅಡುಗೆಮನೆಗೆ ಒಯ್ದೆ, ಪಡಸಾಲೆಗೆ ಒಯ್ದೆ, ಬಳೆ ಬಿಚ್ಚಿಟ್ಟು ನಿಂತೆ, ಉಸಿರು ಬಿಗಿಹಿಡಿದು ನಿಂತೆ. ಹಾಳಾದ್ದು ಅದನ್ನೇ ತೋರಿಸಿತು.

"ಎಷ್ಟೇ ಇವತ್ತು?" ಗಂಡ ಒಳಗಿನಿಂದ ಕೇಳಿದರು.

"ಎಪ್ಪತ್ತೇ," ಎಂದೆ.

ಒಂದು ಸುಳ್ಳು ಹೇಳಿದ ಮೇಲೆ ಮರುದಿನದ್ದು ಅದಕ್ಕಿಂತ ಕಮ್ಮಿ ಇರಬೇಕಲ್ಲ! ಮೈ ಮಾತ್ರ ತನ್ನಿಷ್ಟದಂತೆ ಕುಣಿಯಿತು. ಒಂದು ದಿನ ಅರವತ್ತೊಂಬತ್ತು, ಮರುದಿನ ಎಪ್ಪತ್ತು, ಮೂರನೆಯ ದಿನ ಅರವತ್ತೆಂಟೂವರೆ. ಇಳಿದ ದಿನ ಕುಣಿದಾಡಿದೆ, ಏರಿದ ದಿನ ಮುಖ ಊದಿಸಿಕೊಂಡು ಹೊಲಿಗೆ ಯಂತ್ರದ ಮೇಲೆ ಸಿಟ್ಟು ತೀರಿಸಿಕೊಂಡೆ. ಗಂಡನಿಗೆ ಹೇಳಿದ ಅಂಕಿ ಮಾತ್ರ ಒಳ್ಳೆಯ ಮಗುವಿನ ಹಾಗೆ ದಿನವೂ ಸ್ವಲ್ಪ ಸ್ವಲ್ಪ ಇಳಿಯುತ್ತ ಹೋಯಿತು. ಮೇಲಿನ ರಾಟೆ ರಿಪೇರಿಯಲ್ಲಿದ್ದುದರಿಂದ ನನ್ನನ್ನು ಹಾರಿಸಿ ನೋಡುವ ಹಾಗಿರಲಿಲ್ಲ. ರಾಟೆ ಬಂದ ಮೇಲೂ ಗಂಡ ಮೊದಲು ಒಂದು ಗೋಣಿಚೀಲಕ್ಕೆ ನಾನು ಹೇಳಿದಷ್ಟೇ ಮರಳು ತುಂಬಿ, ಅದನ್ನೇ ಹೆಂಡತಿ ಎಂದುಕೊಂಡು ನಾಲ್ಕು ದಿನ ಏರಿಸಿ ಇಳಿಸಿದರು. ಗೋಣಿಚೀಲ ಬಹಳ ಚೆನ್ನಾಗಿ ಹಾರಿತು.

ಪ್ರದರ್ಶನಕ್ಕೆ ಹದಿನೆಂಟು ದಿನ ಇದ್ದಾಗ ನನ್ನ ಸರದಿ ಬಂತು. ಅಂದು ನಾನು ಹೇಳಿದ್ದು ಅರವತ್ತೈದೂವರೆ, ಇದ್ದದ್ದು ಅರವತ್ತೆಂಟೂವರೆ. ಮೂರು ಕೆಜಿಗೆ ಏನಾದೀತು ಎಂದುಕೊಂಡೆ. ಕೊಕ್ಕೆ ಹಾಕಿದರು, ಕಾಲು ನೆಲ ಬಿಟ್ಟಿತು. ಅಯ್ಯೋ, ಆ ಸುಖವೇ! ಎರಡಾಳು ಎತ್ತರ ಹೋಗಿ, ಕೈಚಾಚಿ, "ಮಕ್ಕಳೇ" ಎನ್ನುವಷ್ಟರಲ್ಲಿ ಹಗ್ಗ ನಿಂತಿತು. ಗೋಣಿಚೀಲದ ಹದಕ್ಕೆ ಪಳಗಿದ್ದ ಗಂಡನ ಕೈ ಅಲ್ಲೇ ಸಡಿಲ ಬಿಟ್ಟಿತು. ನಾನು ನಿಧಾನವಾಗಿ, ಬಹಳ ಗಂಭೀರವಾಗಿ ಕೆಳಗಿಳಿದು, ಮಂಡಳಿಯವರು ಎರಡು ವಾರ ಕೂತು ಅಂಟಿಸಿದ್ದ ಕಾಗದದ ಬೆಟ್ಟದ ಮೇಲೆ ಕೂತೆ. ಬೆಟ್ಟ ಅಪ್ಪಚ್ಚಿಯಾಯಿತು.

ಎಲ್ಲರೂ ನಕ್ಕರು, ಯಜಮಾನರು ನಗಲಿಲ್ಲ. ನೇರ ನನ್ನ ಗಂಡನ ಹತ್ತಿರ ಹೋದರು. "ಹಗ್ಗದಣ್ಣ, ಇದೇನು? ಮನುಷ್ಯರ ಜೀವ ಇದು. ಕಣ್ಣು ಮಂಜಾಗಿದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ."

ಗಂಡ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಎಣಿಸತೊಡಗಿದರು. ಎಣಿಸಿ ಮುಗಿಸಿ, ಮೊದಲಿನಿಂದ ಮತ್ತೆ ಎಣಿಸಿದರು. ತಪ್ಪು ತನ್ನದೇ ಎಂದು ಅವರು ನಂಬಿಬಿಟ್ಟಿದ್ದರು. ಅದನ್ನು ನೋಡಿ ಪಾತ್ರ ಹೋದರೆ ಹೋಗಲಿ ಅನ್ನಿಸಿತು.

ಚಪ್ಪಟೆಯಾದ ಬೆಟ್ಟದ ಮೇಲಿಂದಲೇ ಕೂಗಿದೆ. "ಲೆಕ್ಕ ಅವರದ್ದು ಸರಿಯಿದೆ! ಸುಳ್ಳು ಹೇಳಿದ್ದು ನಾನು. ನಾನು ಅರವತ್ತೆಂಟೂವರೆ ಇದೀನಿ!"

ಗಟ್ಟಿ ಗಂಟಲು ಬೇಕು ಎಂದಿದ್ದರಲ್ಲ, ಕೊನೆಯ ಸಾಲಿನ ಕುರ್ಚಿಗೂ ಕೇಳಿಸಿರಬೇಕು. ಯಜಮಾನರು "ಹಗ್ಗದಣ್ಣ, ದುಡುಕಿದೆ, ಬೇಜಾರಾಗಬೇಡಿ," ಎಂದು ಅವರ ಹೆಗಲು ಮುಟ್ಟಿ, ನನ್ನ ಕಡೆ ತಿರುಗಿದರು. "ಮೊದಲ ಪ್ರದರ್ಶನದ ಬೆಳಗ್ಗೆ ಎಲ್ಲರ ಮುಂದೆ ತೂಗ್ತೀನಿ. ಹುಡುಗೀನೂ ಅಭ್ಯಾಸ ಮಾಡ್ತಿರಲಿ."

ಮನೆಗೆ ಬಂದು ಬಾಗಿಲು ತೆಗೆದ ಮೇಲೆ ಗಂಡ ಕೇಳಿದರು. "ಬಿದ್ದು ಕಾಲು ಮುರ್ಕೊಂಡಿದ್ರೆ?"

"ನಾಚಿಕೆ ಆಯ್ತು ರೀ. ಅಷ್ಟು ಕಷ್ಟಪಟ್ಟರೂ ಏರ್ತಿತ್ತು."

"ಲೇ, ಥಂಡಿ ದಿನ ಈ ಹಗ್ಗಾನೇ ನೀರು ಹೀರ್ಕೊಂಡು ಒಂದು ಕೆಜಿ ಜಾಸ್ತಿ ತೂಗುತ್ತೆ. ಬಿಸಿಲು ಬಂದ್ರೆ ಇಳಿಯುತ್ತೆ. ಹಗ್ಗ ದಪ್ಪ ಆಯ್ತು ಅಂತ ನಾನು ಅಳ್ತಾ ಕೂರ್ತೀನಾ? ಅವತ್ತಿನದು ಅವತ್ತಿಗೆ ನೋಡ್ಕೊಂಡು ಚೀಲ ಕಟ್ತೀನಿ. ಉಪ್ಪು ಜಾಸ್ತಿ ತಿಂದಿರ್ತೀಯ, ನಿದ್ದೆ ಕೆಟ್ಟಿರುತ್ತೆ, ಮೈಯಲ್ಲಿ ನೀರು ನಿಂತಿರುತ್ತೆ. ನನಗೆ ಕಮ್ಮಿ ಅಂಕಿ ಬೇಡ ಕಣೇ, ನಿಜವಾದ್ದು ಬೇಕು."

ಅಂದಿನಿಂದ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಬಂದದ್ದು ಬಂದ ಹಾಗೆ ಬರೆದೆ. ಅರವತ್ತೆಂಟು, ಅರವತ್ತೆಂಟು ಪಾಯಿಂಟ್ ಆರು, ಅರವತ್ತೇಳು ಪಾಯಿಂಟ್ ಒಂಬತ್ತು. ಏರಿದ ದಿನ ಈಗಲೂ ಹಲ್ಲು ಕಡಿಯುತ್ತಿದ್ದೆ. ಆದರೆ ವಾರ ಕಳೆದ ಮೇಲೆ ದೂರ ನಿಂತು ನೋಡಿದರೆ ಅಂಕಿಗಳು ಕುಣಿಯುತ್ತ ಕುಣಿಯುತ್ತಲೇ ಕೆಳಗಿಳಿಯುತ್ತಿದ್ದವು. ಅತ್ತೆ ದಿನವೂ ಕನ್ನಡಕ ಹಾಕಿಕೊಂಡು ಬಂದು ಹಾಳೆ ಓದಿ, "ಇವತ್ತು ಸೊಸೆ ಅರ್ಧ ಕೆಜಿ ಲಾಭ," ಎಂದು ಕಿಚಾಯಿಸುತ್ತಿದ್ದರು.

ಪ್ರದರ್ಶನದ ಬೆಳಗ್ಗೆ ಇಡೀ ಮಂಡಳಿ ರಂಗದ ಮೇಲೆ ಸೇರಿತು. ಯಂತ್ರ ಹತ್ತಿದೆ.

"ಅರವತ್ತಾರು ಪಾಯಿಂಟ್ ಮೂರು," ಎಂದು ನಾನೇ ಓದಿದೆ.

ಹಿಂದಿನ ದಿನ ಅರವತ್ತೈದು ಪಾಯಿಂಟ್ ಎಂಟು ಇತ್ತು. ಯಜಮಾನರು ಕುಣಿತದ ಹುಡುಗಿಯ ಕಡೆ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮುನ್ನೂರು ಗ್ರಾಂ! ಮೋಡದ ಬಟ್ಟೆಯನ್ನು ಎಳೆದುಕೊಂಡು ನೆಲದ ಮೇಲೆ ಕೂತೆ. ಅಂಚು ನೇರ ಬೀಳಲಿ ಎಂದು ನಾನೇ ಒಳಗೆ ಸೀಸದ ಗುಂಡು ಹೊಲಿದಿದ್ದೆ. ಮೋಡಕ್ಕೆ ನೇರ ಬಿದ್ದು ಆಗಬೇಕಾದ್ದೇನು? ಕತ್ತರಿ ತೆಗೆದು ಹೊಲಿಗೆ ಬಿಚ್ಚಿದೆ. ಗುಂಡುಗಳು ಟಕಟಕನೆ ರಂಗದ ಹಲಗೆಯ ಮೇಲೆ ಉರುಳಿದವು. ಬಟ್ಟೆಯನ್ನು ಯಂತ್ರದ ಮೇಲೆ ಹಾಕಿದೆ. ಮೂರು ಕೆಜಿ ಇನ್ನೂರು ಗ್ರಾಂ.

"ಕೂಡಿಸಿ ನೋಡಿ," ಎಂದೆ.

ಯಜಮಾನರು ಬೆರಳು ಮಡಚಿ ಕೂಡಿಸಿದರು. ಅರವತ್ತೊಂಬತ್ತೂವರೆ. "ಹಗ್ಗದಣ್ಣ, ಚೀಲ ಕಟ್ಟಿ," ಎಂದು ಜೋರಾಗಿ ನಕ್ಕರು.

ಆ ಸಂಜೆ ನಾನು ಹಾರಿದೆ. ಭಾರ ತೆಗೆದ ಅಂಚು ನನ್ನ ಸುತ್ತ ಗಾಳಿಯಲ್ಲಿ ಅಲೆಯಿತು, ದೀಪಗಳು ಕಾಲ ಕೆಳಗೆ ಹೋದವು, ಕತ್ತಲಲ್ಲಿ ನೂರಾರು ಮುಖಗಳು ಮೇಲಕ್ಕೆ ತಿರುಗಿದವು. ನಾಲ್ಕು ಮಾತನ್ನೂ ಒಂದಕ್ಷರ ತಪ್ಪದೆ ಆಡಿದೆ. ಸಂತೋಷ ತಡೆಯಲಾರದೆ ನಾಟಕದಲ್ಲಿಲ್ಲದ ಒಂದು ನಗೆಯನ್ನೂ ನಕ್ಕುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಸೇರಿ ಹೊಟ್ಟೆ ತುಂಬ ಉಂಡೆವು.

ಮರುದಿನ ಎರಡನೆಯ ಪ್ರದರ್ಶನ. ಬೆಳಗ್ಗೆ ಯಂತ್ರ ಹತ್ತಿ ಕೆಳಗೆ ನೋಡಿದೆ. ಬಟ್ಟೆಯ ಮೂರು ಕೆಜಿ ಇನ್ನೂರು ಗ್ರಾಂ ಕೂಡಿಸಿದೆ, ಎಪ್ಪತ್ತಕ್ಕೆ ನೂರು ಗ್ರಾಂ ಕಮ್ಮಿ.

"ಎಷ್ಟೇ?" ಗಂಡ ಕೇಳಿದರು.

"ಅರವತ್ತಾರು ಪಾಯಿಂಟ್ ಏಳು!" ಪಕ್ಕದ ಮನೆಗೂ ಕೇಳುವ ಹಾಗೆ ಕೂಗಿದೆ.

"ಹಾಗೇ ಕಟ್ತೀನಿ. ಬಾ, ಕಾಫಿ ಆರ್ತಿದೆ."