ಗೋಡೆಗೆ ಮುಖ ಮಾಡಿದ ವಾಕ್ಯ

ಕೊರಿಯಾದ ಮೊಕ್ಪೋ ಬಂದರಿನ ಸಂತೆಬೀದಿಯಲ್ಲಿ ಹೊಸ ಅಂಗಡಿ ತೆರೆದವರು ಒಣಮೀನು ಮಾರುವ ಗಿಲ್‌ನ್ಯೋಳಿಂದ ತಪ್ಪಿಸಿಕೊಂಡದ್ದೇ ಇಲ್ಲ. ಬಾಗಿಲಿನ ಬಣ್ಣ ಒಣಗುವ ಮೊದಲೇ ಮೀನಿನ ವಾಸನೆಯ ಸಮೇತ ಹಾಜರಾಗಿ, ಗಾಜು ಹಾಕಿಸಿದ ಬೈಬಲ್ ವಾಕ್ಯವೊಂದನ್ನು ಕೈಗಿಟ್ಟು, ಮೊಳೆ ಎಲ್ಲಿ ಹೊಡೆಯಬೇಕೆಂದೂ ಅವಳೇ ಹೇಳುತ್ತಿದ್ದಳು. ವಾಕ್ಯ ಯಾವಾಗಲೂ ಒಂದೇ. ಯೋಬನ ಪುಸ್ತಕ, ಎಂಟನೇ ಅಧ್ಯಾಯ, ಏಳನೇ ವಚನ: ಆರಂಭ ಅಲ್ಪವಾದರೂ ಕೊನೆ ಬಹಳ ಸಮೃದ್ಧಿ. ಕ್ಷೌರದಂಗಡಿಯಲ್ಲಿ ಅದೇ, ಕೋಳಿ ಕರಿಯುವವನಲ್ಲಿ ಅದೇ. ಬುದ್ಧನಿಗೆ ಕೈಮುಗಿಯುವ ಬೀಗದ ರಿಪೇರಿಯವನ ಗೂಡಂಗಡಿಯಲ್ಲೂ ಅದೇ. ಬೇಡ ಅನ್ನುವ ಧೈರ್ಯ ಪಾಪ ಅವನಿಗೂ ಬರಲಿಲ್ಲ.

ಈ ವಸಂತದಲ್ಲಿ ಮಲ್‌ಸುನ್ ನೂಡಲ್ಸ್ ಅಂಗಡಿ ತೆರೆದಳು. ಇಬ್ಬರೂ ನಲವತ್ತು ವರ್ಷ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಯನ್ನು ಒಂದೇ ತೊಟ್ಟಿಯಲ್ಲಿ ಕಲಸಿದ ಗೆಳತಿಯರು. ಮಲ್‌ಸುನ್‌ಳ ಒಬ್ಬನೇ ಮಗ ಚಾನ್‌ಗ್ಯು ಎರಡು ವರ್ಷದ ಹಿಂದೆ ದೋಣಿಯ ಜೊತೆ ಸಮುದ್ರದ ಪಾಲಾಗಿದ್ದ. ಮೂವತ್ತು ವರ್ಷ ಅವಳನ್ನು 'ಚಾನ್‌ಗ್ಯು ಅಮ್ಮ' ಎಂದೇ ಕರೆಯುತ್ತಿದ್ದ ಬೀದಿ, ಅಂದಿನಿಂದ ಆ ಹೆಸರನ್ನು ನುಂಗಿಕೊಂಡಿತು. ಗಿಲ್‌ನ್ಯೋ ಕೂಡ ನುಂಗಿಕೊಂಡಳು. ಅದರ ಬದಲು ಅಂಚಿಗೆ ಚಿನ್ನದ ಬಣ್ಣ ಬಳಿಸಿ, ಇದುವರೆಗೆ ಯಾರಿಗೂ ಕೊಡದಷ್ಟು ದೊಡ್ಡ ಚೌಕಟ್ಟು ಮಾಡಿಸಿ ಕೊಟ್ಟಳು.

ವಾರ ಬಿಟ್ಟು ಹೋಗಿ ನೋಡಿದರೆ ಚೌಕಟ್ಟು ಗೋಡೆಗೆ ಮುಖ ಮಾಡಿ ನೇತಾಡುತ್ತಿದೆ. ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ 'ಇಂದು ಚಿಪ್ಪುಮೀನಿನ ನೂಡಲ್ಸ್' ಎಂದು ಬರೆದಿದೆ.

"ದೇವ್ರ ವಾಕ್ಯನ ಗೋಡೆಗೆ ತಿರುಗ್ಸಿದೀಯಲ್ಲೇ, ಏನು ಬಂದಿದೆ ನಿಂಗೆ?"

ಮಲ್‌ಸುನ್ ಹಿಟ್ಟು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಆ ಅಧ್ಯಾಯ ಪೂರ್ತಿ ಒಂದ್ಸಲ ಓದ್ಕೊಂಡು ಬನ್ನಿ, ಖ್ವೊನ್ಸಾ ಅವ್ರೇ."

ಖ್ವೊನ್ಸಾ ಎಂದರೆ ಚರ್ಚಿನ ಸಭೆಯ ಹಿರಿಯ ಹೆಂಗಸರಿಗೆ ಸಲ್ಲುವ ಗೌರವ. ಜೀವದ ಗೆಳತಿಯ ಬಾಯಲ್ಲಿ ಅದು ಗೌರವವಾಗಿರಲಿಲ್ಲ. ಗಿಲ್‌ನ್ಯೋಳ ಮೈ ಉರಿದುಹೋಯಿತು. ಬೈಬಲನ್ನು ಮೊದಲಿಂದ ಕೊನೆಯವರೆಗೆ ಹನ್ನೊಂದು ಸಲ ಓದಿ ಮುಗಿಸಿ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದವಳು ಅವಳು. ಅವಳಿಗೇ ಓದಿಕೊಂಡು ಬಾ ಅನ್ನುವುದೇ! ಒಂದು ಕೈಯಲ್ಲಿ ಒಣಮೀನಿನ ತಲೆ ಮುರಿಯುತ್ತ, ಇನ್ನೊಂದು ಕೈಯಲ್ಲಿ ಪುಟ ತಿರುವುತ್ತ ಓದಿದ್ದು ನಿಜ. ಆದರೂ ಓದು ಓದೇ ತಾನೆ.

ಭಾನುವಾರ ಪಾಸ್ಟರ ಮುಂದೆ ಜಗಳ ಗೆಲ್ಲಬೇಕೆಂದೇ ಅವಳು ಆ ಅಧ್ಯಾಯ ತೆಗೆದಳು. ಈ ಸಲ ಸಾಕ್ಷಿ ಹುಡುಕಬೇಕಿತ್ತಲ್ಲ, ಬೆರಳಿಟ್ಟು ನಿಧಾನವಾಗಿ ಓದಿದಳು. ಮಾತಾಡುತ್ತಿರುವವನು ಯೋಬನ ಗೆಳೆಯರಲ್ಲೊಬ್ಬನಾದ ಬಿಲ್ದದ. ಇಷ್ಟು ವರ್ಷ ಆ ಮಾತು ದೇವರದ್ದೆಂದು ತಿಳಿದಿದ್ದಳು! ಹತ್ತು ಮಕ್ಕಳನ್ನು ಮಣ್ಣು ಮಾಡಿ ಕೂತ ಯೋಬನ ಎದುರು ನಿಂತು ಆ ಮಹಾಶಯ ಹೇಳುತ್ತಾನೆ: ನಿನ್ನ ಮಕ್ಕಳು ಪಾಪ ಮಾಡಿದ್ದರು, ತಕ್ಕದ್ದನ್ನು ಉಂಡರು. ಅಲ್ಲಿಂದ ಮೂರೇ ವಚನ ಕೆಳಗೆ, ಅದೇ ಉಸಿರಿನಲ್ಲಿ, ಅವಳ ಚಿನ್ನದ ಅಂಚಿನ ವಾಕ್ಯ.

ಗಿಲ್‌ನ್ಯೋ ಕನ್ನಡಕ ತೆಗೆದಿಟ್ಟಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೀಗದವನ ಗೋಡೆಯ ಮೇಲೆ ಆ ಮಾತು ಇದ್ದರೆ ಇರಲಿ, ಮಗನನ್ನು ಕಳೆದುಕೊಂಡ ಮಲ್‌ಸುನ್‌ಳ ಗೋಡೆಗೆ ತಾನೇ ಮೊಳೆ ಹೊಡೆದಿದ್ದಳಲ್ಲ. ಬೇರೊಂದು ಒಳ್ಳೆಯ ವಾಕ್ಯಕ್ಕೆ ಚೌಕಟ್ಟು ಹಾಕಿಸೋಣವೆಂದು ಹೊರಟವಳು ಅಷ್ಟಕ್ಕೇ ನಿಂತು, ಪುಟಗಳನ್ನು ಹಿಂದಕ್ಕೆ ತಿರುವಿದಳು. ಎರಡನೇ ಅಧ್ಯಾಯದ ಕೊನೆಯಲ್ಲಿ ಅದೇ ಗೆಳೆಯರು ಯೋಬನ ಜೊತೆ ಏಳು ದಿನ ನೆಲದ ಮೇಲೆ ಕೂತಿದ್ದರು. ಅವನ ನೋವು ಬಹಳ ದೊಡ್ಡದೆಂದು ಕಂಡು ಯಾರೂ ತುಟಿ ಬಿಚ್ಚಿರಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆ ವಚನವನ್ನು ಅವಳು ಸಂಜೆಯವರೆಗೂ ಬಾಯಲ್ಲಿಟ್ಟುಕೊಂಡು ತಿರುಗಿದಳು.

ಮರುದಿನ ಬೆಳಿಗ್ಗೆ ನೂಡಲ್ಸ್ ಅಂಗಡಿಯ ಅಡುಗೆಕೋಣೆಗೆ ಹೋಗಿ, ನೆಲದ ಮೇಲೆ ಕೂತು, ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡು ಬಿಡಿಸತೊಡಗಿದಳು. ಒಂದು ಮಾತಿಲ್ಲ. ಮಲ್‌ಸುನ್ ನೋಡಿಯೂ ನೋಡದಂತಿದ್ದಳು. ಎರಡನೇ ದಿನ ಬೀದಿಯೇ ಗಾಬರಿಯಾಯಿತು. ಗಿಲ್‌ನ್ಯೋಳ ಗಂಟಲಿಗೆ ಏನೋ ಆಗಿದೆಯೆಂದು ಬೀಗದವನು ಶುಂಠಿ ಕಷಾಯ ತಂದುಕೊಟ್ಟ. ಮೂರನೇ ದಿನ ಗಿರಾಕಿಯೊಬ್ಬ ಸಾರಿಗೆ ಉಪ್ಪು ಕಮ್ಮಿ ಎಂದ. ಗಿಲ್‌ನ್ಯೋಳ ಬಾಯಿ ತೆರೆದೇಬಿಟ್ಟಿತು. ತಕ್ಷಣ ಹಸಿ ಬೆಳ್ಳುಳ್ಳಿಯ ಎಸಳೊಂದನ್ನು ಅದರೊಳಗೆ ತುರುಕಿ ಕಣ್ಣಲ್ಲಿ ನೀರು ಬರುವಂತೆ ಅಗಿದಳು.

ಐದನೇ ದಿನ ಮಲ್‌ಸುನ್ ಚಾಕು ಕೆಳಗಿಟ್ಟಳು. "ಏನಾದ್ರೂ ಹೇಳೇ ಮಾರಾಯ್ತಿ. ನೀನು ಹಿಂಗೆ ಕೂತ್ರೆ ಭಯ ಆಗತ್ತೆ."

ಗಿಲ್‌ನ್ಯೋ ಎರಡು ಬೆರಳು ಎತ್ತಿ ತೋರಿಸಿದಳು.

ಮಲ್‌ಸುನ್ ಬೆರಳುಗಳನ್ನು ನೋಡಿದಳು, ಗೋಡೆಗೆ ತಿರುಗಿದ್ದ ಚೌಕಟ್ಟನ್ನು ನೋಡಿದಳು, ಮನಸ್ಸಿನಲ್ಲೇ ಐದಕ್ಕೆ ಎರಡು ಸೇರಿಸಿದಳು. ಮೊದಲು ನಗು ಬಂತು. ನಗುನಗುತ್ತಲೇ ಅಳು ಬಂತು, ಹಿಟ್ಟಿನ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ಆಮೇಲೆ ಪಕ್ಕದಲ್ಲೇ ನೆಲಕ್ಕೆ ಕೂತು ತಾನೂ ಒಂದು ಗಡ್ಡೆ ಎತ್ತಿಕೊಂಡಳು.

"ಬೆಳ್ಳುಳ್ಳಿ ಬಿಡ್ಸು ಅಂದ್ರೆ ಸಾಕು, ಚಾನ್‌ಗ್ಯುಗೆ ಹೊಟ್ಟೆನೋವು ಬಂದ್ಬಿಡೋದು," ಎಂದಳು.

ಎರಡು ವರ್ಷದಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಗಿಲ್‌ನ್ಯೋಳ ಹೊಟ್ಟೆಯಲ್ಲೂ ಆ ಹುಡುಗನ ಕಥೆಗಳು ರಾಶಿ ಬಿದ್ದಿದ್ದವು. ಆದರೂ ಉಳಿದ ಎರಡು ದಿನ ತುಟಿ ಬಿಗಿದೇ ಕೂತಳು.

ಎಂಟನೇ ದಿನ ಬೆಳಿಗ್ಗೆ, ಅಂಗಡಿಯ ಹೊಸ್ತಿಲು ದಾಟುವ ಮೊದಲೇ ಶುರುಮಾಡಿದಳು. "ಚಾನ್‌ಗ್ಯು ಅಮ್ಮಾ, ನಿನ್ ಮಗ ನಮ್ಮಂಗ್ಡೀಲಿ ಮೀನು ಕದ್ದು ಬೀದಿಬೆಕ್ಕಿಗೆಲ್ಲ ಹಂಚ್ತಿದ್ದ, ಗೊತ್ತಾ ನಿಂಗೆ?"

ಮಲ್‌ಸುನ್ ಒಲೆ ಸಣ್ಣ ಮಾಡಿದಳು. "ಕೂತ್ಕೊ," ಎಂದಳು. "ಪೂರ್ತಿ ಹೇಳು."