ಗುಂಡುತೋಪಿನ ಮೆಂಬರು

“ಅತ್ತಿಗೆ, ಹೆಣ ಮನೇಲಿಟ್ಕೊಂಡು ನೀವು ಬೀದಿಗಿಳೀಬಾರ್ದು” ಎಂದು ಅಶ್ವತ್ಥಪ್ಪ ಅಡ್ಡ ನಿಂತರೂ ಅಕ್ಕಯಮ್ಮ ಮೈದುನನ ಕೈ ಸರಿಸಿ ಹೊಸಿಲು ದಾಟಿದಳು.

“ಇನ್ಯಾರು ಹೋಗ್ತಾರಪ್ಪಾ? ನೀನು ಕರೆದಾಯ್ತು, ನನ್ನ ಮಗ ಕರೆದಾಯ್ತು. ಬಂದ್ರಾ?”

ಊರಿನ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನಡುಮನೆಯಲ್ಲಿ ಅವಳ ಗಂಡ ಕೋದಂಡರಾಮಪ್ಪ ತಣ್ಣಗೆ ಮಲಗಿದ್ದ. ಮುಳಬಾಗಿಲು ತಾಲ್ಲೂಕಿನಿಂದ ಎರಡು ಸಲ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಹೋಗಿದ್ದವನು. ನಂಗಲಿ ರಸ್ತೆಯ ಈ ಊರಿಗೆಲ್ಲ ಮೆಂಬರಪ್ಪ. ಚಟ್ಟಕ್ಕೆ ಹೆಗಲು ಕೊಡಲು ಮಗ ಶ್ರೀನಿವಾಸಪ್ಪ ಇದ್ದ, ತಮ್ಮ ಅಶ್ವತ್ಥಪ್ಪ ಇದ್ದ, ಶ್ರೀನಿವಾಸಪುರದಿಂದ ನಡೆದು ಬಂದ ಅವಳ ಅಣ್ಣ ಶ್ರೀರಾಮಪ್ಪ ಇದ್ದ. ನಾಲ್ಕನೆಯವನಿರಲಿಲ್ಲ.

ಅದೇ ಬೀದಿಯ ಬೈರಮ್ಮನ ಮನೆಯಲ್ಲಿ ರಾಗಿ ಬೀಸುವ ಸದ್ದು.

“ಬೈರಮ್ಮಾ, ನಿನ್ನ ಮೈದುನನ್ನ ಕಳಿಸು. ಅವನು ಬಂದ್ರೆ ಬೀದಿಯೋರೆಲ್ಲಾ ಬರ್ತಾರೆ.”

ಬೈರಮ್ಮ ಬೀಸುಕಲ್ಲು ನಿಲ್ಲಿಸಲಿಲ್ಲ. “ನಿನಗೆ ನೀರು ಹಾಕೋಕಾದ್ರೂ ಒಂದು ಮೈ ಐತೆ, ಅಕ್ಕಾ. ನನ್ನ ಗಂಡನ್ನ ಮೂಳೆ ಆರ್ಸಿ ಮಂಕರೀಲಿ ತಂದ್ರು.”

ಅಕ್ಕಯಮ್ಮ ಬಾಗಿಲಿಂದ ಹಿಂದೆ ಸರಿದಳು. ಬಂದ ದಾರಿ ಹಿಡಿದಳು.

*

ಯುದ್ಧಕ್ಕೆ ಮುಂಚಿನ ಒಂದು ದಸರೆ ಮುಗಿಸಿ ಮೈಸೂರಿನ ಸಭೆಯಿಂದ ಬಂದ ಕೋದಂಡರಾಮಪ್ಪ ಪೇಟ ಬಿಚ್ಚುವ ಮೊದಲೇ ಹೆಂಡತಿಯೆದುರು ಶುರುಮಾಡಿದ್ದ.

“ಸೀಮೆಎಣ್ಣೆ ಎಲ್ಲಿಂದ ಬರ್ತದೆ, ಹೇಳು ನೋಡೋಣ?”

“ಶೆಟ್ಟರ ಅಂಗಡಿಯಿಂದ.”

“ಬರ್ಮಾದಿಂದ ಕಣೇ, ಹಡಗಲ್ಲಿ! ನಾಳೆ ಯುದ್ಧ ಬಂದು ಹಡಗು ನಿಂತ್ರೆ? ದೀಪದ ಎಣ್ಣೆನ ಪರರ ಮನೇಲಿಟ್ಟ ದೇಶ ಯಾವತ್ತೂ ಕತ್ಲೆಗೆ ಹೆದರ್ಕೊಂಡೇ ಬದುಕ್ಬೇಕು ಅಂತ ಸಭೇಲಿ ಅಂದೆ. ಶಿವನಸಮುದ್ರದ ಕರೆಂಟು ಚಿನ್ನದ ಗಣಿಗೆ ಬರ್ತದೆ, ನಮ್ಮ ಬಾವಿಗೆ ಯಾಕೆ ಬರಲ್ಲ ಅಂದೆ. ಬರೋವರ್ಗೂ ಊರೂರಿಗೆ ಹೊಂಗೆ ನೆಡ್ಸಿ, ಎಣ್ಣೆಗೆ ಗಾಣ ಹಾಕ್ಸಿ ಅಂದೆ.”

“ಅದಕ್ಕೇನಂದ್ರು?”

“ನಕ್ಕರು.” ತಾನೂ ನಗಲು ನೋಡಿದ, ಆಗಲಿಲ್ಲ.

ವರ್ಷಗಳು ಕಳೆದವು. ಜಪಾನಿನವರು ಬರ್ಮಾ ಹಿಡಿದರು. ಶೆಟ್ಟರ ಅಂಗಡಿಯ ಡಬ್ಬ ಒಣಗಿತು, ಪೆಟ್ರೋಲೂ ಹೋಯಿತು. ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡತೊಡಗಿದವು. ಮಾಲೂರಿನಿಂದ ನಂಗಲಿವರೆಗೆ ಇದ್ದಲು ಸುಡಲು ಮರಗಳನ್ನು ಹುಡುಕಿಕೊಂಡು ಬಂದ ಅಧಿಕಾರಿಯೊಬ್ಬ ಇವರ ಜಗಲಿಯಲ್ಲಿ ಕೂತು, “ಅವತ್ತು ನಿಮ್ಮ ಮಾತು ಯಾರೂ ಕೇಳ್ಲಿಲ್ಲ ಮೆಂಬರೇ. ಈಗ ನೀವೇ ದಾರಿ ತೋರಿಸ್ಬೇಕು” ಎಂದ.

ಅಷ್ಟು ಸಾಕಾಯಿತು. ಗಂಡನ ಮುಖ ಮದುವಣಿಗನ ಮುಖದ ಹಾಗೆ ಅರಳಿದ್ದನ್ನು ಅಕ್ಕಯಮ್ಮ ಬಾಗಿಲ ಸಂದಿಯಿಂದ ಕಂಡಳು.

“ಗುಂಡುತೋಪು ಊರಿನ ಸ್ವತ್ತಲ್ವಾ? ಊರನ್ನ ಕೇಳ್ದೆ ಕಡಿಯೋಕೆ ಹೆಂಗೆ ಒಪ್ಕೊಂಡ್ರಿ?” ಎಂದಳು ಆಮೇಲೆ.

“ದೇಶ ನಿಂತೋದ್ರೆ ಊರು ಉಳೀತದಾ? ಕಡಿದ ಕಡೆ ಎಲ್ಲಾ ಹೊಂಗೆ ನೆಡಿಸ್ತೀನಿ.”

ತಾತಂದಿರ ಕಾಲದ ಹುಣಸೆ, ಹೊಂಗೆ, ಮಾವು ಉರುಳಿದವು. ಅಲ್ಲೇ ಕಟ್ಟಿಗೆ ಪೇರಿಸಿ, ಮಣ್ಣು ಮೆತ್ತಿ, ಇದ್ದಲ ಗೂಡು ಹಾಕಿದರು. ಕೂಲಿಗೆ ಬಂದ ಬೈರಮ್ಮನ ಗಂಡ ಮುನಿಯಲ್ಲಪ್ಪ, ಬಿರುಕುಬಿಟ್ಟ ಕಡೆ ಮಣ್ಣು ಹಾಕಲು ಗೂಡಿನ ಮೇಲೆ ಹತ್ತಿದ. ನೆತ್ತಿ ಕುಸಿಯಿತು. ಒಳಗೆಲ್ಲ ಕೆಂಡ.

ಅಂದಿನಿಂದ ಊರು ಮೆಂಬರಪ್ಪನನ್ನು ಮಾತಾಡಿಸುವುದು ಬಿಟ್ಟಿತು. ಅವನೊಬ್ಬನೇ ಬೋಳು ತೋಪಿನಲ್ಲಿ ಹೊಂಗೆ ಸಸಿ ನೆಟ್ಟ. ಬಿಸಿಲಿಗೆ ಒಣಗಿದವು. ಮತ್ತೆ ನೆಟ್ಟ. ಈಗ ಸೌದೆಗೆ ಗಾವುದ ದೂರ ನಡೆಯುವ ಹೆಂಗಸರು ಅವನೆದುರೇ ಸಸಿ ತುಳಿದು ಹೋದರು. ಅವನು ತಲೆಯೆತ್ತಲಿಲ್ಲ. ಕೆರೆಯಿಂದ ನೀರು ಹೊತ್ತು ಹೊತ್ತು, ಜ್ವರದಲ್ಲೂ ಹೊತ್ತು, ಹಾಸಿಗೆ ಹಿಡಿದ.

“ಮುನಿಯಲ್ಲಪ್ಪನ್ನ ಮೇಲಕ್ಕೆ ಹತ್ತು ಅಂದಿದ್ದು ನಾನೇ ಕಣೇ” ಎಂದ, ಕೊನೆಯ ದಿನ. “ಬಸ್ಸು ನಿಲ್ಬಾರ್ದು, ಬೇಗ ಹತ್ತಲಾ ಅಂದೆ.”

ಅವಳು ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದಳು.

*

ಹೊತ್ತು ನೆತ್ತಿಗೆ ಬಂತು. ಇನ್ನು ಕಾಯುವಂತಿರಲಿಲ್ಲ.

“ಗಾಡಿ ಕಟ್ಟೋಣ” ಎಂದ ಶ್ರೀರಾಮಪ್ಪ.

“ಬೇಡಣ್ಣ.” ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಟ್ಟದ ನಾಲ್ಕನೆಯ ಮೂಲೆಗೆ ಕೈ ಹಾಕಿದಳು.

“ಅಮ್ಮಾ, ಹೆಂಗಸರು ಎತ್ಬಾರ್ದು!” ಎಂದ ಮಗ.

“ಎತ್ತೋಕೆ ಗಂಡಸರು ಇದ್ರೆ ತಾನೇ? ನಡಿ.”

ಬೈರಮ್ಮ ಈಗ ಬಾಗಿಲಲ್ಲಿ ಕೂತಿದ್ದಳು. ಹೆಣ ಎದುರಿಗೆ ಹಾದಾಗ ಒಳಗೆ ಹೋಗಲಿಲ್ಲ, ಎದ್ದು ನಿಲ್ಲಲೂ ಇಲ್ಲ.

ಅಂತ್ಯಕ್ರಿಯೆಗೆ ಅವರ ಹೊಲಕ್ಕೆ ಹೋಗುವ ದಾರಿ ನಂಗಲಿ ರಸ್ತೆಯ ಏರಿನಲ್ಲಿತ್ತು. ಅರ್ಧ ಏರುವಷ್ಟರಲ್ಲಿ ಅಕ್ಕಯಮ್ಮನ ಭುಜ ಸೋತುಹೋಯಿತು, ಚಟ್ಟ ವಾಲಿತು. ಮುಂದೆ ಒಂದು ಬಸ್ಸು ಏರು ಹತ್ತಲಾರದೆ ಹೊಗೆ ಕಾರುತ್ತ ನಿಂತಿತ್ತು. ಇಳಿದು ತಳ್ಳುತ್ತಿದ್ದ ಜನ ತಿರುಗಿ ನೋಡಿದರು.

“ಎವರಮ್ಮಾ ಪೋಯಿನಾರು?” ಎಂದು, ತೀರಿಕೊಂಡದ್ದು ಯಾರೆಂದು ತೆಲುಗಿನಲ್ಲಿ ಕೇಳಿದ ಒಬ್ಬ ಮುದುಕ.

“ನಮ್ಮ ಯಜಮಾನರು.”

ಮುದುಕ ಮತ್ತೇನೂ ಕೇಳದೆ ತಲೆಯ ವಸ್ತ್ರ ತೆಗೆದ. ಒಲೆಗೆ ಇದ್ದಲು ತುಂಬುತ್ತಿದ್ದ ಡ್ರೈವರು ಚೀಲ ಬಿಟ್ಟು ಓಡಿ ಬಂದ. “ಬಿಡಿ ತಾಯೀ, ನಾನು ಹಿಡೀತೀನಿ.” ಇನ್ನಿಬ್ಬರು ಬಂದು ಹೆಗಲು ಕೊಟ್ಟರು. ಅವರಲ್ಲಿ ಯಾರಿಗೂ ಸತ್ತವನ ಹೆಸರು ಗೊತ್ತಿರಲಿಲ್ಲ.

ಏರಿನ ಮೇಲೆ ಗಾಳಿ ಜೋರಾಗಿ ಹೊದಿಕೆಯ ಬಿಳಿ ಬಟ್ಟೆ ಹಾರಿತು. ಡ್ರೈವರು ನಡೆಯುತ್ತಲೇ ಅದನ್ನು ಎಳೆದು ಹೆಣದ ಎದೆಯ ಮೇಲೆ ಒತ್ತಿದ. ಹಿಂದೆ ಬರುತ್ತಿದ್ದ ಅಕ್ಕಯಮ್ಮನಿಗೆ ಕಂಡಿತು, ಬಿಳಿ ಬಟ್ಟೆಯ ಮೇಲೆ ಐದು ಬೆರಳಿನ ಇದ್ದಲ ಕಪ್ಪು ಅಚ್ಚು.